ಮುಳುಗಡೆಯ ನೆಲ ಮತ್ತು 21ನೆಯ ವಿಧಿ

ಕಾನೂನು ಓದಲು ಹೋಗುವ ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಮಕ್ಕಳು ಮಾನವ ಹಕ್ಕುಗಳ ಪಾಠವನ್ನು ವಿಶ್ವಸಂಸ್ಥೆಯ 1948ರ ಘೋಷಣೆಯಿಂದ ಆರಂಭಿಸುತ್ತಾರೆ. ಶರಾವತಿಯ ಹಿನ್ನೀರಿನಿಂದ ಆರಂಭಿಸಿದರೆ ವಿಷಯ ಬೇಗ ಮನದಟ್ಟಾದೀತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಗದ್ದೆ, ತೋಟ ಕಳೆದುಕೊಂಡ ಅನೇಕ ಕುಟುಂಬಗಳು ಕಾಡಿನ ನೆಲದಲ್ಲಿ ಬದುಕು ಕಟ್ಟಿಕೊಂಡವು. ಆ ನೆಲವನ್ನು ಅರಣ್ಯದ ದಾಖಲೆಯಿಂದ ಬಿಡಿಸಿಕೊಡುವ ಕೆಲಸ ಮಾತ್ರ ಕ್ರಮಬದ್ಧವಾಗಿ ಮುಗಿಯಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಅದಕ್ಕೆ ಕೇಂದ್ರದ ಪೂರ್ವಾನುಮತಿ ಅನಿವಾರ್ಯವಾಯಿತು. ಅನುಮತಿ ಪಡೆಯದೆಯೇ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಆದೇಶವನ್ನು 2021ರಲ್ಲಿ ಹೈಕೋರ್ಟು ರದ್ದುಗೊಳಿಸಿತು.

ಪರಿಸರದವರು ಗೆದ್ದರು, ಸಂತ್ರಸ್ತರು ಸೋತರು ಎಂಬ ಮಾತು ಆಗ ಹಬ್ಬಿತು. ನನ್ನ ದೃಷ್ಟಿಯಲ್ಲಿ ಇದು ತಪ್ಪು ಓದು. ಬಿದ್ದುಹೋದದ್ದು ಸರ್ಕಾರ ಹಿಡಿದ ಅಡ್ಡದಾರಿ, ಪುನರ್ವಸತಿಯ ಹಕ್ಕಲ್ಲ.

ಸಂವಿಧಾನದ 21ನೆಯ ವಿಧಿಯಲ್ಲಿರುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಮಾತಷ್ಟೆ. ಸುಪ್ರೀಂ ಕೋರ್ಟು 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಜೀವನೋಪಾಯವನ್ನು ಅದರೊಳಗೆ ಕಂಡಿತು. (ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳಿಗೆ ಅಲ್ಲೇ ಉಳಿಯುವ ಹಕ್ಕು ಮಾತ್ರ ಸಿಗಲಿಲ್ಲ, ತೀರ್ಪನ್ನು ಕೊನೆಯ ಪುಟದವರೆಗೆ ಓದಬೇಕೆನ್ನುವುದು ಇದಕ್ಕೇ.) 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಶುದ್ಧ ನೀರು, ಗಾಳಿಯನ್ನೂ, 2003ರಲ್ಲಿ ತೆಹ್ರಿ ಅಣೆಕಟ್ಟಿನ ಪ್ರಕರಣದಲ್ಲಿ ನಿರ್ವಸಿತರ ಪುನರ್ವಸತಿಯನ್ನೂ ಅದೇ ವಿಧಿಗೆ ಸೇರಿಸಿತು. ಕಾಡೂ ಮನೆಯೂ ಒಂದೇ ವಿಧಿಯ ಆಶ್ರಯದಲ್ಲಿವೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ತೊಡಕು ಬೇರೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನ ಆಸರೆಯಲ್ಲಿದ್ದುದನ್ನು ತೋರಿಸಬೇಕು. ಮುಳುಗಡೆಯವರು ಈಗಿನ ನೆಲಕ್ಕೆ ಬಂದು ಆಗ ಐವತ್ತು ವರ್ಷವೂ ಆಗಿರಲಿಲ್ಲ. ಆದರೆ ಕಾಯ್ದೆ ಹೇಳುವುದು ಕಾಡಿನ ವಾಸ, ಅವಲಂಬನೆಯನ್ನು. ಒಂದೇ ಸರ್ವೆ ನಂಬರಿನಲ್ಲಿ 75 ವರ್ಷ ಇರಬೇಕೆಂದಲ್ಲ. ನೀರಿನಡಿಯ ಊರಿನ ತಲೆಮಾರುಗಳನ್ನೂ ಎಣಿಸಬೇಕೆಂದು ವಾದಿಸಲು ಎಡೆಯಿದೆ. ನಮ್ಮ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕಾದ ವ್ಯಾಖ್ಯಾನ ಇದು.

ಸಂತ್ರಸ್ತರ ಹೆಸರಿನಲ್ಲಿ ಹೊಸ ಒತ್ತುವರಿ ನುಸುಳುವುದನ್ನು ಒಪ್ಪಲಾಗದು. ಅರವತ್ತು ವರ್ಷದ ಅಡಿಕೆ ತೋಟಕ್ಕೂ ನಿನ್ನೆ ಕಡಿದ ಕಾನಿಗೂ ಇರುವ ವ್ಯತ್ಯಾಸವನ್ನು ಮಣ್ಣೇ ಹೇಳುತ್ತದೆ. ಸರ್ಕಾರ ಊರೂರಿನ ಜಂಟಿ ಸರ್ವೆ ನಡೆಸಿ, ಅರ್ಹರ ಪ್ರಸ್ತಾವವನ್ನು ಕೇಂದ್ರಕ್ಕೆ ಕಳುಹಿಸಲಿ. ಹಿರಿಯರ ಪೆಟ್ಟಿಗೆಯಲ್ಲಿರುವ ಮುಳುಗಡೆಯ ನೋಟಿಸು, ಪರಿಹಾರದ ರಸೀದಿ, ಮಂಜೂರಾತಿ ಪತ್ರಗಳನ್ನು ಗೆದ್ದಲು ಹಿಡಿಯುವ ಮುನ್ನ ಪ್ರತಿ ಮಾಡಿಸಿ, ಗ್ರಾಮದ ಅರಣ್ಯ ಹಕ್ಕು ಸಮಿತಿಗೂ ಒಂದು ಕಟ್ಟು ಒಪ್ಪಿಸಿರಿ.