ಒಂದು ತಿಂಗಳು ಓದಿದೆ, ಇಪ್ಪತ್ತು ವರ್ಷದ ತಪ್ಪು ಗೊತ್ತಾಯ್ತು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಈ ಸಲ ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ಎಂದಿನಂತೆ ಮೈಕ್ ಹಿಡಿದು ಬಾಬಾಸಾಹೇಬರ ಮಾತೊಂದನ್ನ ಹೇಳಿದೆ. ಚಪ್ಪಾಳೆ ಬಿತ್ತು. ಕೆಳಗಿಳಿದರೆ ಹಾಸ್ಟೆಲ್ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡ್ಕೊಂಡು ಬಂದು, "ಅಣ್ಣ, ಆ ಮಾತು ಯಾವ ಪುಸ್ತಕದಲ್ಲಿದೆ? ಬರ್ಕೋಬೇಕಿತ್ತು" ಅಂದಳು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಹೇಳ್ತಿದ್ದ ಮಾತು ಅದು. "ಫೋನ್ ನಂಬರ್ ಕೊಡಮ್ಮ, ಹೇಳ್ತೀನಿ" ಅಂತ ಜಾರಿಕೊಂಡೆ.

ಮನೆಗೆ ಬಂದು ಶೋಕೇಸ್ ನೋಡಿದೆ. ಬಾಬಾಸಾಹೇಬರ ಬರಹಗಳು ಮತ್ತು ಭಾಷಣಗಳ ಕನ್ನಡ ಸಂಪುಟಗಳು ಸಾಲಾಗಿ ನಿಂತಿದ್ದವು. ಎರಡಕ್ಕೆ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ: ಒಂದು ತಿಂಗಳು ಭಾಷಣ ಇಲ್ಲ, ದಿನಾ ಓದು. ಬೆಳಿಗ್ಗೆ ಹನುಮಂತನಗರದಿಂದ ಆಫೀಸಿಗೆ ಹೋಗೋ ಬಸ್ಸಲ್ಲಿ, ರಾತ್ರಿ ಮಕ್ಕಳು ಮಲಗಿದ ಮೇಲೆ.

ಮೊದಲು ಸಿಕ್ಕ ಆಶ್ಚರ್ಯ ನಾನು ಸಾವಿರ ಸಲ ಕೂಗಿದ ಘೋಷಣೆಯೇ. 'ಶಿಕ್ಷಣ, ಸಂಘಟನೆ, ಹೋರಾಟ' ಅಂತ ಬ್ಯಾನರ್ ಬರೆಸಿದವನು ನಾನು. ಆದರೆ 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಬಾಬಾಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ ಕ್ರಮ ಬೇರೆ: ಎಜುಕೇಟ್, ಅಜಿಟೇಟ್, ಆರ್ಗನೈಜ್. ಅಜಿಟೇಟ್ ಇರೋದು ಮಧ್ಯದಲ್ಲಿ. ನಾವದನ್ನ ಕೊನೆಗೆ ತಳ್ಳಿ 'ಹೋರಾಟ' ಮಾಡಿಕೊಂಡ್ವಿ. ನನಗೀಗ ಅನ್ನಿಸ್ತಿರೋದು, ಅದು ಬೀದಿಗಿಳಿಯೋ ಮುಂಚೆ ತಲೆಯೊಳಗೆ ನಡೆಯೋ ಕಲಕು. ಓದಿದ್ದು ಮನಸ್ಸನ್ನ ಕಲಕಬೇಕು, ಹಾಗೆ ಕಲಕಿಸಿಕೊಂಡವರು ಆಮೇಲೆ ಒಂದಾಗಬೇಕು. ನಾವು ಮಧ್ಯದ ಮೆಟ್ಟಿಲು ಹಾರಿ ಸೀದಾ ಸಂಘ ಕಟ್ಟಿದ್ವಿ. ಅದಕ್ಕೇ ಇರಬೇಕು, ಒಂದು ಸಂಘ ಹತ್ತು ಬಣ ಆಯ್ತು.

ಎರಡನೆಯದು 'ಜಾತಿ ವಿನಾಶ'. "ಬಾಬಾಸಾಹೇಬರು ಲಾಹೋರಿನಲ್ಲಿ ಮಾಡಿದ ಐತಿಹಾಸಿಕ ಭಾಷಣ" ಅಂತ ಎಷ್ಟು ವೇದಿಕೆಯಲ್ಲಿ ಹೇಳಿದೀನೋ ಲೆಕ್ಕ ಇಲ್ಲ. ಆ ಭಾಷಣ ನಡೆದೇ ಇಲ್ಲ! 1936ರಲ್ಲಿ ಅವರನ್ನ ಅಧ್ಯಕ್ಷರಾಗಿ ಕರೆದ ಜಾತ್-ಪಾತ್ ತೋಡಕ್ ಮಂಡಲದವರು ಬರಹ ನೋಡಿ ಹೆದರಿದರು, ಬದಲಾಯಿಸಿ ಅಂದರು. ಇವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ರದ್ದಾಯ್ತು. ಸ್ವಂತ ದುಡ್ಡು ಹಾಕಿ 1,500 ಪ್ರತಿ ಅಚ್ಚು ಹಾಕಿಸಿದರು, ಬೆಲೆ ಎಂಟಾಣೆ. ಸಾಹೇಬ್ರು ಗೀಟು ಹಾಕಿದ ಡ್ರಾಫ್ಟನ್ನ ತುಟಿ ಪಿಟಕ್ಕೆನ್ನದೆ ಮರುಟೈಪ್ ಮಾಡೋ ಗುಮಾಸ್ತ ನಾನು. ಆ ಅಲ್ಪವಿರಾಮದ ಹತ್ತಿರ ಬಹಳ ಹೊತ್ತು ನಿಂತೆ.

ಇನ್ನೂ ಇದೆ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಇದನ್ನ ವಿಮರ್ಶೆ ಮಾಡಿದರು. ಬೆಲೆ ಜಾಸ್ತಿ, ಎರಡಾಣೆಗೋ ನಾಲ್ಕಾಣೆಗೋ ಇಳಿಸಿ ಅಂತಲೂ ಸಲಹೆ ಕೊಟ್ಟರು. ಬಾಬಾಸಾಹೇಬರು 1937ರ ಎರಡನೇ ಮುದ್ರಣದಲ್ಲಿ ಗಾಂಧೀಜಿಯ ಆ ಬರಹವನ್ನೂ ಸೇರಿಸಿ, ಪಕ್ಕದಲ್ಲೇ ತಮ್ಮ ಉತ್ತರ ಹಾಕಿದರು. ತಮ್ಮ ಪುಸ್ತಕದಲ್ಲಿ ಎದುರಾಳಿಗೂ ಜಾಗ! ನಾವು ಒಂದು ಕಾಮೆಂಟ್ ಸಹಿಸದೆ ಬ್ಲಾಕ್ ಮಾಡ್ತೀವಿ. ನಮ್ಮವರನ್ನೇ ಮಾಡ್ತೀವಿ.

ಮೂರನೆಯದು ನಮ್ಮ ಮನೆಯದೇ. ಬಿ. ಬಸವಲಿಂಗಪ್ಪ ಅಂದರೆ 1973ರ 'ಬೂಸಾ' ಮಾತು, ಮಂತ್ರಿಗಿರಿ ಹೋಯ್ತು, ಅಷ್ಟೇ ಹೇಳ್ತಿದ್ದೆ. ಪೌರಾಡಳಿತ ಮಂತ್ರಿಯಾಗಿ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದ್ದು ಅದೇ ಮನುಷ್ಯ ಅನ್ನೋದನ್ನ ಒಂದು ಸಲಾನೂ ಹೇಳಿರಲಿಲ್ಲ. ನಮ್ಮಜ್ಜಿ ತಲೆ ಮೇಲಿಂದ ಬಕೆಟ್ ಇಳಿದದ್ದು ಆ ಕಾಲದಲ್ಲೇ. "ಒಂದಿನ ಮುನ್ಸಿಪಾಲ್ಟಿಯೋರು ಬೇಡ ಅಂದ್ರು ಕಣಪ್ಪ" ಅಂತಿದ್ದಳು ಅಜ್ಜಿ. ಬೇಡ ಅನ್ನಿಸಿದವನ ಹೆಸರು ಅವಳಿಗೆ ಗೊತ್ತಾಗದೇ ಹೋಯ್ತು. ಹೆಸರು ಗೊತ್ತಿದ್ದ ಮೊಮ್ಮಗ ಬಾಯಿ ಬಿಡಲಿಲ್ಲ.

ಇನ್ನೊಂದು ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಮೊದಲ ವಾರ ಪುಸ್ತಕಕ್ಕೆ ಪೇಪರ್ ರಟ್ಟು ಹಾಕಿಕೊಂಡು ಓದಿದೆ. ಬಾಡಿಗೆ ಮನೆ, ಕೆಳಗಡೆ ಓನರ್. ಬಸ್‌ಸ್ಟಾಪಿನಲ್ಲಿ ಅದೇ ಬೀದಿಯವರು. ವೇದಿಕೆ ಮೇಲೆ ಜೈಭೀಮ್ ಕೂಗೋನು ಬಸ್ಸಲ್ಲಿ ಬಾಬಾಸಾಹೇಬರ ಮುಖ ಮುಚ್ಚಿದ್ದೆ. ಯಾರೂ ಮುಚ್ಚು ಅಂದಿರಲಿಲ್ಲ. ಎರಡನೇ ವಾರ ರಟ್ಟು ಕಿತ್ತು ಹಾಕಿದೆ. ಪಕ್ಕ ಕೂತ ಒಬ್ಬ ಹುಡುಗ "ಸಾರ್, ಇದು ಎಲ್ಲಿ ಸಿಗುತ್ತೆ?" ಅಂದ. ಅಷ್ಟೇ ಆಗಿದ್ದು.

"ಓದ್ತಾ ಕೂತರೆ ಹೋರಾಟ ಮಾಡೋರ್ಯಾರು?" ಅಂತ ಸಂಗಾತಿಗಳು ಕೇಳ್ತಿದಾರೆ. ನ್ಯಾಯವಾದ ಪ್ರಶ್ನೆ. ಬೆಳಗಿನ ಜಾವ ಪೊರಕೆ ಹಿಡಿಯೋ ಪೌರಕಾರ್ಮಿಕ ಅಕ್ಕನಿಗೆ ಓದು ಅಂತ ಉಪದೇಶ ಮಾಡೋಕೆ ನಾನ್ಯಾರು? ನನ್ನ ಮಾತು ಮೈಕ್ ಹಿಡಿಯೋ ನಮ್ಮಂಥೋರಿಗೆ. ಆ ಅಕ್ಕ ನಮ್ಮ ಮಾತು ನಂಬ್ತಾಳೆ. ನಂಬೋರ ಮುಂದೆ ಓದದೆ ಮಾತಾಡೋದು ಮೋಸ. 1924ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದರ ಉದ್ದೇಶಗಳಲ್ಲೇ ಹಾಸ್ಟೆಲ್ ಜೊತೆ ಗ್ರಂಥಾಲಯ, ಅಧ್ಯಯನ ಕೂಟ ಬರೆದಿದ್ದರು. ನಮ್ಮ ಸಂಘದ ಬೈಲಾ ತೆಗೆದು ನೋಡಿದೆ. ಮೆರವಣಿಗೆ ಇದೆ, ಸನ್ಮಾನ ಇದೆ. ಓದು ಇಲ್ಲ.

ಅದಕ್ಕೆ ಬರೋ ಭಾನುವಾರ ಬೆಳಿಗ್ಗೆ 8ಕ್ಕೆ ಬ್ಯೂಗಲ್ ರಾಕ್ ಪಾರ್ಕಿಗೆ ಬನ್ನಿ. ಹಾರ ಇಲ್ಲ, ಮೈಕ್ ಇಲ್ಲ, ಅಧ್ಯಕ್ಷತೆ ಇಲ್ಲ. 'ಜಾತಿ ವಿನಾಶ'ದಿಂದ ಹತ್ತು ಪುಟ. ಒಬ್ಬರು ಜೋರಾಗಿ ಓದೋದು, ಉಳಿದೋರು ಕೇಳೋದು, ಆಮೇಲೆ ಜಗಳ ಆಡೋದು. ಓದು ಬರದಿದ್ದೋರೂ ಬನ್ನಿ.

ಆ ಹುಡುಗಿಗೆ ನಿನ್ನೆ ಫೋನ್ ಮಾಡಿದೆ. "ನಾನು ಓದಿದಷ್ಟರಲ್ಲಿ ಆ ಮಾತು ಎಲ್ಲೂ ಸಿಗಲಿಲ್ಲ ಕಣಮ್ಮ, ಬರ್ಕೋಬೇಡ. ನಾನೂ ಇನ್ಮೇಲೆ ಹೇಳಲ್ಲ" ಅಂದೆ. "ಪರವಾಗಿಲ್ಲ ಅಣ್ಣ, ಭಾನುವಾರ ನಾನೂ ಹುಡುಕ್ತೀನಿ" ಅಂದಳು.

ಜೈಭೀಮ್.