ವಿಮಾನದ ಲೆಕ್ಕವೂ ನಾಲ್ಕು ತಾಲೂಕಿನ ಕಿಸೆಯೂ

ವಿಜಯಪುರದ ಹತ್ತಿರ ಬುರಣಾಪುರ-ಮದಭಾವಿ ಸೀಮೆಯ 727 ಎಕರೆಯಲ್ಲಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಸಣ್ಣ ಎ.ಟಿ.ಆರ್. ವಿಮಾನಕ್ಕೆಂದು ಶುರುವಾದ ಕೆಲಸ, ದೊಡ್ಡ ಏರ್‌ಬಸ್ಸೂ ಇಳಿಯಲೆಂದು ಮುಂದೆ ಹಿಗ್ಗಿತು. ಹೇಳಿದ ಗಡುವುಗಳು ಮಾತ್ರ ಒಂದರ ಹಿಂದೊಂದು ದಾಟಿಹೋದವು. ಅದಿರಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನ ಕೇಳುವ ಮಾತು ಬೇರೆ: "ಬೆಂಗಳೂರಿಗೆ ಹೋಗಾಕ ಕಾರಿಗಿಂತ ಅಗ್ಗ ಬೀಳ್ತೈತೇನ್ರಿ?"

ಮುದ್ದೇಬಿಹಾಳದ ಲೆಕ್ಕವನ್ನೇ ಹಿಡಿಯೋಣ. ಅಲ್ಲಿಂದ ಹುನಗುಂದ, ಹೊಸಪೇಟೆ, ಚಿತ್ರದುರ್ಗದ ಮೇಲೆ ಬೆಂಗಳೂರು 450 ಕಿಲೋಮೀಟರಿನ ಆಸುಪಾಸು. ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ 25 ಲೀಟರ್ ಪೆಟ್ರೋಲು, ಅಂದರೆ ಎರಡೂವರೆ ಸಾವಿರದ ಮೇಲೆ. ಟೋಲ್ ನಾಕಾಗಳದ್ದು ಸೇರಿಸಿ ಮೂರು ಸಾವಿರದ ಮುನ್ನೂರು ಅನ್ನಿ. ನಾಲ್ವರು ಕೂತರೆ ತಲಾ ಎಂಟುನೂರ ಚಿಲ್ಲರೆ.

ಇನ್ನು ವಿಮಾನ. 2016ರ ಉಡಾನ್ ಯೋಜನೆಯಲ್ಲಿ ಒಂದು ತಾಸಿನ ಹಾರಾಟಕ್ಕೆ 2500 ರೂಪಾಯಿ ಮಿತಿ ಇಟ್ಟರು. ಅದೂ ಅರ್ಧದಷ್ಟು ಸೀಟಿಗೆ ಮಾತ್ರ. ಆ ದರವೇ ಸಿಕ್ಕಿತೆನ್ನಿ, ನಾಲ್ವರಿಗೆ ಹತ್ತು ಸಾವಿರ. ನಿಲ್ದಾಣ ಮುಟ್ಟಲು ಮುದ್ದೇಬಿಹಾಳದವ ಮೊದಲು ಎಂಬತ್ತು-ತೊಂಬತ್ತು ಕಿ.ಮೀ. ಬಡಗಣಕ್ಕೆ ಹೋಗಬೇಕು, ತೆಂಕಣಕ್ಕೆ ಹಾರುವುದಕ್ಕೆ! ಬಾಡಿಗೆ ಗಾಡಿಯಾದರೆ ಹೋಗಿ-ಬರುವ ಎರಡೂ ದಾರಿಯ ಕಾಸು ಬಿಚ್ಚಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೂ ಮೆಜೆಸ್ಟಿಕ್ಕು 35 ಕಿ.ಮೀ. ದೂರ. ಎಲ್ಲ ಕೂಡಿಸಿದರೆ ಕಾರಿನ ನಾಲ್ಕು ಪಟ್ಟು.

ಆದರೆ ಒಬ್ಬನೇ ಹೊರಟವನ ಲೆಕ್ಕ ತಿರುಗುತ್ತದೆ. ಅವನಿಗೆ ಕಾರು ಮೂರು ಸಾವಿರದ ಮುನ್ನೂರು. 2500ರ ಟಿಕೀಟು ಸಿಕ್ಕು, ಎರಡೂ ಕಡೆ ಬಸ್ಸಿನಲ್ಲಿ ಹೋದರೆ ವಿಮಾನವೂ ಹೆಚ್ಚುಕಡಿಮೆ ಅಷ್ಟೇ. ವ್ಯಾಪಾರಸ್ಥರು, ಕೋರ್ಟು ತಾರೀಖಿನವರು ಇದನ್ನು ನೆನಪಿಡಬೇಕು. ಜಯದೇವಕ್ಕೋ ಕಿದ್ವಾಯಿಗೋ ರೋಗಿಯನ್ನು ಒಯ್ಯುವ ಮನೆಯವರಿಗಂತೂ ಉಳಿಯುವ ಎರಡು-ಮೂರು ತಾಸು ರೊಕ್ಕಕ್ಕಿಂತ ದೊಡ್ಡದು. ಉಳಿಯುವುದು ಅಷ್ಟೇ ತಾಸು, ಹೆಚ್ಚಿಲ್ಲ: ನಿಲ್ದಾಣಕ್ಕೆ ಎರಡು, ಅಲ್ಲಿ ಕಾಯಲು ಒಂದೂವರೆ, ಹಾರಲು ಒಂದು ಚಿಲ್ಲರೆ, ಊರೊಳಗೆ ಒಂದೂವರೆ. ರಾತ್ರಿ ಬಸ್ಸಾದರೋ ನಿದ್ದೆಯಲ್ಲೇ ಹಾದಿ ಸವೆದು ಬೆಳಗಾಗುತ್ತದೆ.

ದುಡಿಯಲು ಗುಳೆ ಹೋಗುವವರಿಗೆ ಈ ಲೆಕ್ಕವೇ ಬೇಡ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಟಿಕೀಟು ಐದುನೂರರೊಳಗೆ. ಹುಬ್ಬಳ್ಳಿ ಸುತ್ತಿ ಹೋಗುತ್ತದೆ, ಹೋಗಲಿ. ಇಂಡಿಗೂ ಬಾಗೇವಾಡಿಗೂ ಊರಿನಿಂದ ದೂರವಾದರೂ 'ರೋಡ್' ಅನ್ನುವ ಸ್ಟೇಷನ್ನಾದರೂ ಇದೆ. ಸಿಂದಗಿ, ಮುದ್ದೇಬಿಹಾಳಕ್ಕೆ ರೈಲಿನ ಕೂಗೇ ಇಲ್ಲ. ಆಲಮಟ್ಟಿ-ಯಾದಗಿರಿ ಮಾರ್ಗದ ಬೇಡಿಕೆಗೆ ವಯಸ್ಸಾಯಿತು, ಅಷ್ಟೇ.

ಇನ್ನೊಂದು ಅಂಜಿಕೆಯೂ ಉಂಟು. ಉಡಾನಿನಲ್ಲಿ ಕಂಪನಿಗೆ ಸರಕಾರದ ನೆರವು ಮೂರು ವರ್ಷ. ಆಮೇಲೆ? ಬೀದರಿನಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ವಿಮಾನ ನಡುವೆ ನಿಂತೇಹೋಗಿ, 2025ರ ಏಪ್ರಿಲಿನಲ್ಲಿ ಮತ್ತೆ ಹಾರಿತು. ಕಲಬುರಗಿಯ ನಿಲ್ದಾಣ 2019ರ ನವೆಂಬರದ್ದು. ಸೋಲಾಪುರದಿಂದ 2025ರ ಜೂನಿನಲ್ಲಿ ಗೋವಾಕ್ಕೆ ವಿಮಾನ ಎದ್ದಿತು. ಸಿಂದಗಿಯವ ಕಲಬುರಗಿಯತ್ತ, ಇಂಡಿಯವ ಸೋಲಾಪುರದತ್ತ ನೋಡಿದರೆ ಬುರಣಾಪುರದ ಸೀಟು ತುಂಬುವವರು ಯಾರು?

ಹಾಗಾಗಿ ಜಿಲ್ಲೆಯ ಪ್ರತಿನಿಧಿಗಳು ಕೇಳಬೇಕಾದ್ದು ಸಣ್ಣದು. ವಿಮಾನದ ವೇಳೆಗೆ ಸರಿಯಾಗಿ ನಾಲ್ಕೂ ತಾಲೂಕಿನ ಸ್ಟ್ಯಾಂಡಿನಿಂದ ನಿಲ್ದಾಣದ ಬಾಗಿಲಿಗೇ ಬಸ್ಸು ಬಿಡುವ ಬರಹದ ಭರವಸೆಯನ್ನು ಸಾರಿಗೆ ನಿಗಮದ ವಿಜಯಪುರ ವಿಭಾಗದಿಂದ ಈಗಲೇ ತೆಗೆದುಕೊಳ್ಳಬೇಕು. ಮೊದಲ ವಿಮಾನ ಬೆಳಿಗ್ಗೆ ಏಳಕ್ಕೆ ಅಂತಾದರೆ, ಮುದ್ದೇಬಿಹಾಳದ ಬಸ್ಸು ಮೂರೂವರೆಗೇ ಬಿಡಬೇಕಾಗುತ್ತದೆ.