ಶಸ್ತ್ರಕ್ರಿಯೆಗೆ ವಿಮೆಯುಂಟು, ಗುಳಿಗೆಗೆ?

ಮೂತ್ರಪಿಂಡ ಕೆಟ್ಟ ಕಾರ್ಮಿಕನಿಗೆ ತಾಯಿಯೋ ಹೆಂಡತಿಯೋ ತನ್ನದೊಂದನ್ನು ಕೊಟ್ಟು ಉಳಿಸಿಕೊಳ್ಳುವ ಕಾಲ ಬಂದಿರುವುದು ಸಂತೋಷದ ವಿಷಯ. 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಗಿ ನಡೆದ ಈ ಕಸಿ ಇಂದು ನಮ್ಮ ಮುಂಬಯಿಯ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಅದಕ್ಕಾಗಿ ಊರಿನ ಗದ್ದೆಯನ್ನು ಅಡವಿಡುವವರುಂಟು. ಜೊತೆಯವರಿಂದ ವಂತಿಗೆ ಎತ್ತುವವರೂ ಉಂಟು. ಆದರೆ ಶಸ್ತ್ರಕ್ರಿಯೆಯ ಅನಂತರದ ಖರ್ಚನ್ನು ಮೊದಲೇ ವಿಚಾರಿಸುವವರು ವಿರಳ. ಆದುದರಿಂದ ಈ ಮಾತನ್ನು ಇಲ್ಲಿ ಎತ್ತಿದ್ದೇವೆ.

ನಮ್ಮ ದೇಹವು ಬೇರೊಬ್ಬರ ಅಂಗವನ್ನು ಹೊರಗಿನದೆಂದೇ ಬಗೆದು ನಾಶಮಾಡಲು ಹವಣಿಸುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮುಂತಾದ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ, ಆ ಅಂಗ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಮೈ ಹಗುರಾಯಿತೆಂದಾಗಲಿ, ಕೈಯಲ್ಲಿ ಕಾಸಿಲ್ಲವೆಂದಾಗಲಿ ಬಿಟ್ಟರೆ ಮೂತ್ರಪಿಂಡ ಕೆಟ್ಟು ಮತ್ತೆ ಡಯಾಲಿಸಿಸ್ ಪಾಲಾಗಬೇಕಾದೀತು. ತಾಯಿಯ ತ್ಯಾಗವೂ ವ್ಯರ್ಥವಾದೀತು.

ವಿಮೆ ಇದಕ್ಕೆ ಎಷ್ಟು ದೂರ ಬರುತ್ತದೆ? 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಸ್ಪತ್ರೆ ಚಿಕಿತ್ಸೆಯನ್ನು ಒದಗಿಸುವಂತೆ ರೂಪುಗೊಂಡಿತು; ಬಿಡುಗಡೆಯ ಅನಂತರದ ಔಷಧಿಗೆ ಅದು ಇಟ್ಟ ಅವಧಿ 15 ದಿನ. 2020ರಲ್ಲಿ ವಿಮಾ ಕಂಪೆನಿಗಳು ತಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಅರುವತ್ತೊಂದನೆಯ ದಿನದಿಂದ ಔಷಧಿ ಅಂಗಡಿಯ ಬಿಲ್ಲು ಕಾರ್ಮಿಕನ ತಲೆಗೇ ಬರುತ್ತದೆ.

ಇ.ಎಸ್.ಐ. ವಿಮೆಯ ಮಾತು ಬೇರೆ. ಅಲ್ಲಿ ಆಸ್ಪತ್ರೆ ಸೇರದವರಿಗೂ ಔಷಧಿಯುಂಟು. ಚಿಕಿತ್ಸೆಯ ಖರ್ಚಿಗೆ ಮಿತಿ ಇಟ್ಟಿಲ್ಲ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೌಕರನ ಪಾಲು ಸಂಬಳದ ಶೇಕಡಾ 0.75, ಮಾಲೀಕರ ಪಾಲು 3.25. ತಿಂಗಳಿಗೆ 15,000 ರೂಪಾಯಿ ಪಡೆಯುವವನಿಂದ ಮುರಿಯುವುದು 112 ರೂಪಾಯಿ 50 ಪೈಸೆ. ಇಷ್ಟನ್ನು ಉಳಿಸಲೆಂದು 'ನನ್ನ ಹೆಸರು ಬರೆಯಬೇಡಿ' ಎನ್ನುವ ನಮ್ಮ ಹುಡುಗರಿಗೂ, ಹೆಸರು ಬರೆಯದೆ ಜಾರಿಕೊಳ್ಳುವ ಹೋಟೆಲು ಮಾಲೀಕರಿಗೂ ಒಂದೇ ಮಾತು ಹೇಳಬೇಕಾಗಿದೆ: ಕಾಯಿಲೆ ಬಿದ್ದ ಮೇಲೆ ನಂಬರಿಗಾಗಿ ಓಡಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಇಲ್ಲಿಯೂ ಎಚ್ಚರ ಬೇಕು. ಹೋಟೆಲು ಬದಲಿಸಿದವರು ಹಳೆಯ ವಿಮಾ ನಂಬರನ್ನೇ ಹೊಸ ಮಾಲೀಕರಿಗೆ ಕೊಡತಕ್ಕದ್ದು. 2017ರಲ್ಲಿ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ಮಿತಿ ದಾಟಿದವನು ನಡೆಯುತ್ತಿರುವ ವಂತಿಗೆ ಅವಧಿ ಮುಗಿದೊಡನೆ ಹೊರಗಾಗುತ್ತಾನೆ. ದಿನವೂ ಗುಳಿಗೆ ನುಂಗುವವನಿಗೆ ಬಡ್ತಿಯೇ ಶಿಕ್ಷೆಯಾಗುವ ಈ ನಿಯಮ ನ್ಯಾಯವೆಂದು ನಾವು ಒಪ್ಪಲಾರೆವು. ಐದು ವರ್ಷಕ್ಕೆ ಕಡಿಮೆಯಿಲ್ಲದೆ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದ ಗಿರಣಿ ಕಾರ್ಮಿಕರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಪತ್ನಿಯೊಡನೆ ಚಿಕಿತ್ಸೆ ಪಡೆಯುವ ಅವಕಾಶವನ್ನು ಇ.ಎಸ್.ಐ. ನಿಯಮಗಳು ಕೊಟ್ಟಿವೆ, ಇದನ್ನು ಅರಿಯದವರು ಬಹಳ.

ಬಡತನದ ರೇಖೆಯ ಕೆಳಗಿನವರಿಗೆ ಈ ಗುಳಿಗೆಗಳಿಗಾಗಿ ತಿಂಗಳಿಗೆ 10,000 ರೂಪಾಯಿವರೆಗೆ ನೆರವನ್ನು ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಇಡಲಾಗಿದೆ. ಹಳದಿ ರೇಷನ್ ಕಾರ್ಡಿನವರು ಶಸ್ತ್ರಕ್ರಿಯೆಗೆ ಮುನ್ನವೇ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕಂಡು, ಗುಳಿಗೆ ಯಾರು ಕೊಡುವರು, ಎಷ್ಟು ಕಾಲ ಕೊಡುವರು ಎಂದು ಕೇಳಿ ಬರೆದುಕೊಳ್ಳಲಿ. ಅಗ್ಗವೆಂದು ಅಂಗಡಿಯವನು ಬೇರೆ ಕಂಪೆನಿಯ ಗುಳಿಗೆ ಕೊಟ್ಟರೆ ವೈದ್ಯರನ್ನು ಕೇಳದೆ ನುಂಗಬಾರದು. ರಕ್ತದಲ್ಲಿ ಔಷಧಿಯ ಪ್ರಮಾಣ ಏರುಪೇರಾದೀತು.

ಅಂಗ ಜೋಡಿಸುವುದಕ್ಕೆ ಲಕ್ಷಗಟ್ಟಲೆ ಕೊಟ್ಟು, ಅದನ್ನು ಉಳಿಸುವ ಗುಳಿಗೆಗೆ ಕೈಬಿಡುವುದು ವಿವೇಕವಲ್ಲ. ಕಸಿಗೆ ಹಣ ಕೊಡುವ ಪ್ರತಿಯೊಂದು ಯೋಜನೆಯೂ ಗುಳಿಗೆಯನ್ನು ಆ ಚಿಕಿತ್ಸೆಯ ಅಂಗವೆಂದೇ ಎಣಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಕಾರ್ಮಿಕ ಬಂಧುಗಳು ಈ ತಿಂಗಳ ಸಂಬಳದ ಚೀಟಿಯಲ್ಲಿ ತಮ್ಮ ಇ.ಎಸ್.ಐ. ವಂತಿಗೆ ಮುರಿದಿದೆಯೇ ಎಂದು ನೋಡಲಿ. ಮುರಿಯದಿದ್ದರೆ ಸಂಘಕ್ಕೆ ತಿಳಿಸಲಿ.